ಕಂಬದ ಪಕ್ಕದ ತಟ್ಟೆ

ಬಿಳಿಗೆರೆ
17 ಜೂನ್ 2024

ಇಂಪನಾ ಅಕ್ಕನವರಿಗೆ ಪವಿತ್ರಾ ಮಾಡುವ ನಮಸ್ಕಾರಗಳು.

ನೀವು ಭುವನೇಶ್ವರ ತಲುಪಿದ ದಿನ ಫೋನ್ ಮಾಡಿದ್ದಿರಿ. ನಾನು ಹ್ಞೂಂ ಅಕ್ಕ, ಹ್ಞೂಂ ಅಕ್ಕ ಅಂದದ್ದು ಬಿಟ್ಟರೆ ಬೇರೆ ಏನೂ ಹೇಳಲಿಲ್ಲ. ಫೋನು ಕಿವಿಗಿಟ್ಟ ಕೂಡಲೇ ನನಗೆ ಮಾತು ನಿಂತುಹೋಗುತ್ತದೆ. ಅದು ನಿಮಗೂ ಗೊತ್ತು. ಅದಕ್ಕೇ ಹೋಗುವಾಗ ವಿಳಾಸ ಬರೆದು ಸ್ಟಾಂಪು ಅಂಟಿಸಿದ ಕವರುಗಳ ಕಟ್ಟು ಕೊಟ್ಟು ಹೋದಿರಿ. ಅದರಲ್ಲಿ ಇದು ಮೊದಲನೆಯದು. ನಾಲ್ಕನೇ ಕ್ಲಾಸು ಬಿಟ್ಟ ಮೇಲೆ ನಾನು ಯಾರಿಗೂ ಏನನ್ನೂ ಬರೆದವಳಲ್ಲ. ತಪ್ಪಿದ್ದರೆ ನಗಬೇಡಿ.

ನೀವು ಶುರು ಮಾಡಿದ ‘ಒಂದೇ ಒಲೆ’ ಚೆನ್ನಾಗಿ ನಡೆಯುತ್ತಿದೆ. ಕಾಲೋನಿಯ ಶೆಡ್ಡಿಗೆ ಮಧ್ಯಾಹ್ನದ ಊಟಕ್ಕೆ ಮೊದಲಿನಷ್ಟೇ ಜನ ಬರುತ್ತಾರೆ. ಕಾಯಿ ಸುಲಿಯಲು ಹೋದ ಹೆಂಗಸರು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಮುದುಕರು, ಊರೊಳಗಿನಿಂದಲೂ ಇಬ್ಬರು ಅಜ್ಜಂದಿರು. ಯಾವ ಬೀದಿಯವರಾದರೂ ಒಂದೇ ಪಂಕ್ತಿ ಎಂದು ನೀವು ಹಾಕಿದ ನಿಯಮ ಹಾಗೇ ಇದೆ. ಗಂಗಕ್ಕ ಸಾರಿಗೆ ನಿಲ್ಲುತ್ತಾಳೆ, ನಾನು ಮುದ್ದೆಗೆ. ಬಡಿಸುವುದು ಈಗ ಸರದಿಯ ಮೇಲೆ. ನಿಮ್ಮ ಹಿತ್ತಾಳೆ ಸೌಟು ಗೋಡೆಯ ಮೊಳೆಯಲ್ಲಿದೆ. ಅದನ್ನು ಹಿಡಿಯಲು ಯಾರಿಗೂ ಮನಸ್ಸು ಬಂದಿಲ್ಲ.

ಊಟದ ಹೊತ್ತಿಗೆ ನಾನು ಕಂಬದ ಪಕ್ಕದಲ್ಲಿ ಒಂದು ತಟ್ಟೆ ಹೆಚ್ಚಿಗೆ ಇಡುತ್ತೇನೆ. ನೀವು ಇಲ್ಲಿದ್ದಾಗಲೂ ದಿನಾ ಇಡುತ್ತಿದ್ದೆ. ಬಡಿಸುವ ಗಡಿಬಿಡಿಯಲ್ಲಿ ನೀವು ನೋಡಿರಲಿಕ್ಕಿಲ್ಲ. ನಿನ್ನೆ ಗಂಗಕ್ಕ ಅದನ್ನು ಕಂಡು, “ಬದುಕಿರೋರಿಗೆ ಎಡೆ ಇಕ್ಕಬ್ಯಾಡ ಕಣೇ” ಎಂದು ಬೈದಳು. ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ತಟ್ಟೆ ತೆಗೆಯಲಿಲ್ಲ.

ನೀವು ಬಂದಾಗ ಊಟಕ್ಕೆ ಕೂರಬೇಕು. ಅದೊಂದೇ ನನ್ನ ಆಸೆ.

ಇಂತಿ,
ಪವಿತ್ರಾ


ಭುವನೇಶ್ವರ
8 ಜುಲೈ 2024

ಪ್ರೀತಿಯ ಪವಿತ್ರಾ,

ನಿನ್ನ ಕಾಗದವನ್ನು ಮೊದಲು ಮೂಸಿ ನೋಡಿದೆ. ಹೊಗೆಯ ವಾಸನೆ ಇತ್ತು. ಒಲೆಯ ಹತ್ತಿರ ಕೂತು ಬರೆದೆಯಾ?

ಇಲ್ಲಿ ನನ್ನ ಕೆಲಸ ಕಾಗದಗಳದ್ದು. ಬೇರೆ ಬೇರೆ ಊರುಗಳಲ್ಲಿ ನಮ್ಮಂಥ ಅಡುಗೆಮನೆ ನಡೆಸುವವರನ್ನು ಒಟ್ಟು ಸೇರಿಸುವ ಸಂಸ್ಥೆ ಇದು. ಬೆಳಗಿನಿಂದ ಸಂಜೆಯವರೆಗೆ ಅನ್ನದ ಬಗ್ಗೆಯೇ ಮಾತಾಡುತ್ತೇವೆ, ಆದರೆ ಯಾರಿಗೂ ಒಂದು ಸೌಟು ಬಡಿಸುವುದಿಲ್ಲ. ಕೈ ಬರಿದು ಅನಿಸುತ್ತದೆ. ಮೆಸ್ಸಿನಲ್ಲಿ ಸಾಸಿವೆ ಎಣ್ಣೆ. ಮೊನ್ನೆ ಯಾರೋ ತೆಂಗಿನಕಾಯಿ ಒಡೆದ ಸದ್ದು ಕೇಳಿ, ನಮ್ಮ ಮನೆಯ ಕೊಬ್ಬರಿ ಗೋಡೌನಿನಲ್ಲಿ ನಿನ್ನ ಅವ್ವ ಚಿಕ್ಕಗೌರಮ್ಮ ಕರಟ ಒಡೆಯುವುದು ನೆನಪಾಯಿತು. ನಾನು ಚಿಕ್ಕವಳಿದ್ದಾಗ ಅವರು, ತಿಂಗಳುಗಟ್ಟಲೆ ಒಣಗಲು ಬಿಟ್ಟು ಅಟ್ಟದಿಂದ ಇಳಿಸಿದ ಕಾಯಿಯನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಕರಟ ಬಿಟ್ಟುಕೊಂಡಿದೆ ಕೇಳಿ ಅನ್ನುತ್ತಿದ್ದರು.

ಸೌಟನ್ನು ಹಾಗೇ ಇಟ್ಟಿರು. ಅದು ಅಜ್ಜಿ ಮೀನಾಕ್ಷಮ್ಮ ದಾಸೋಹದಲ್ಲಿ ಹಿಡಿಯುತ್ತಿದ್ದ ಸೌಟು. ದೀಪಾವಳಿಗೆ ಬಂದಾಗ ನಾನೇ ಎಲ್ಲರಿಗೂ ಬಡಿಸುತ್ತೇನೆ. ಊಟಕ್ಕೆ ಕೂರಬೇಕು ಎಂದು ಬರೆದಿದ್ದೀಯ. ನನಗೆ ಅಷ್ಟೆಲ್ಲ ಉಪಚಾರ ಬೇಡ ಕಣೇ. ನಿಮ್ಮ ಹೊಟ್ಟೆ ತುಂಬಿದರೆ ನನ್ನದು ತುಂಬಿದ ಹಾಗೆ.

ಒಂದು ಸಂತೋಷದ ಸುದ್ದಿ. ಇಲ್ಲಿಯ ದೊಡ್ಡ ಸಭೆಯಲ್ಲಿ ನಿನ್ನ ಬಗ್ಗೆ ಮಾತಾಡಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಂಸ್ಥೆಯ ಪುಸ್ತಿಕೆಯಲ್ಲಿ ನಿನ್ನ ಫೋಟೋ ಬರುತ್ತಿದೆ. ಅಚ್ಚಾದ ಕೂಡಲೇ ಕಳಿಸುತ್ತೇನೆ. ಅವ್ವನಿಗೂ ತೋರಿಸು.

ನಿನ್ನ,
ಇಂಪನಾ


ಬಿಳಿಗೆರೆ
2 ಸೆಪ್ಟೆಂಬರ್ 2024

ಇಂಪನಾ ಅಕ್ಕನವರಿಗೆ ನಮಸ್ಕಾರಗಳು.

ಪುಸ್ತಿಕೆ ಬಂತು. ಇಂಗ್ಲಿಷಿನ ಕೆಳಗೆ ನೀವು ಪೆನ್ಸಿಲಿನಲ್ಲಿ ಕನ್ನಡ ಬರೆದು ಕಳಿಸಿದ್ದಕ್ಕೆ ಓದಲು ಆಯಿತು. ‘ಹಸಿವಿನ ಗುಡಿಸಲಿನಿಂದ ಎದ್ದು ಬಂದ ಪವಿತ್ರಾ ಇಂದು ಊರಿಗೇ ಅನ್ನವಿಕ್ಕುತ್ತಾಳೆ’ ಎಂದಿದೆ. ಅವ್ವನಿಗೆ ಓದಿ ಹೇಳಿದೆ. ಅವ್ವ ಕೇಳಿದ್ದು ಒಂದೇ. “ಗುಡಿಸ್ಲು ಯಾರ್ದು? ನಿಮ್ಮಪ್ಪ ಹೆಂಚು ಹೊದಿಸಿದ ಮ್ಯಾಲೇ ಕಣ್ಮುಚ್ಚಿದ್ದು.” ಆಮೇಲೆ ಹಿಟ್ಟಿನ ಮಡಕೆಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದಳು. ಆ ಮಡಕೆ ಬರಿದಾಗಿದ್ದನ್ನು ನಾನು ಕಂಡಿಲ್ಲ. ಅವ್ವ ಅದನ್ನು ಬರಿದಾಗಲು ಬಿಟ್ಟಿಲ್ಲ.

ಫೋಟೋ ಚೆನ್ನಾಗಿದೆ. ಪುಸ್ತಿಕೆಯನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ನಿಮ್ಮನ್ನು ಒಂದು ಮಾತು ಕೇಳುವುದಿದೆ. ಹೆರಿಗೆಯಾಗಿ ಬಂದಿರುವ ಸುಷ್ಮಿತಾಗೆ ರಕ್ತ ಕಡಿಮೆ ಇದೆ, ಮೊಟ್ಟೆ ಕೊಡಿ ಎಂದು ನರ್ಸಮ್ಮ ಹೇಳಿದರು. ಅವಳೊಬ್ಬಳಿಗೇ ಹೇಗೆ ಕೊಡುವುದು, ಶನಿವಾರ ಎಲ್ಲರಿಗೂ ಮೊಟ್ಟೆ ಸಾರು ಮಾಡೋಣ ಎಂದು ಹೆಂಗಸರೆಲ್ಲ ಸೇರಿ ಅಂದುಕೊಂಡೆವು. ಒಲ್ಲದವರಿಗೆ ಸೊಪ್ಪಿನ ಸಾರು ಇದ್ದೇ ಇರುತ್ತದೆ. ನಮ್ಮ ಒಲೆಯ ಕಮಿಟಿಯ ಮರುಳಸಿದ್ದಯ್ಯ ಮೇಷ್ಟ್ರು ಒಪ್ಪಲಿಲ್ಲ. ಅಕ್ಕಿ ಬೇಳೆ ಕೊಡುವವರು ಮೊಟ್ಟೆ ಮುಟ್ಟದ ಜನ, ಅವರ ಮನಸ್ಸಿಗೆ ನೋವಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ಇಂಪನಾಗೆ ನೋವಾಗುತ್ತದೆ ಅಂದರು. ಇಂಪನಕ್ಕನನ್ನು ಕೇಳುತ್ತೇನೆ ಎಂದು ನಾನು ಅಂದೆ. ಮೇಷ್ಟ್ರ ಮುಂದೆ ನಾನು ಆಡಿದ ಮೊದಲನೇ ಮಾತು ಅದು. ನೀವು ಒಂದು ಸಾಲು ಬರೆದರೆ ಸಾಕು.

ತಟ್ಟೆ ದಿನಾ ಇಡುತ್ತಿದ್ದೇನೆ.

ಪವಿತ್ರಾ


ಭುವನೇಶ್ವರ
27 ಸೆಪ್ಟೆಂಬರ್ 2024

ಪ್ರೀತಿಯ ಪವಿತ್ರಾ,

ಮೊಟ್ಟೆಯ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಪರ. ಇಲ್ಲಿ ನಾವು ದಿನವೂ ಅದನ್ನೇ ಹೇಳುವುದು, ಉಣ್ಣುವವರ ತಟ್ಟೆಯಲ್ಲಿ ಏನಿರಬೇಕು ಎಂದು ಉಣ್ಣುವವರೇ ಹೇಳಬೇಕು ಎಂದು. ಆದರೆ ಮೇಷ್ಟ್ರನ್ನು ಕಾಗದದಲ್ಲಿ ಎದುರು ಹಾಕಿಕೊಳ್ಳುವುದು ಸರಿಯಲ್ಲ. ಅವರು ಅಪ್ಪನ ಸ್ನೇಹಿತರು, ನಾನು ಎದುರಿಗೆ ಕೂತು ನಿಧಾನವಾಗಿ ಹೇಳಿದರೆ ಕೇಳುತ್ತಾರೆ. ದೀಪಾವಳಿ ಹತ್ತಿರವೇ ಇದೆ. ಅಲ್ಲಿಯವರೆಗೆ ತಾಳಿ.

ಫೋಟೋ ನಿನಗೆ ಇಷ್ಟವಾಗಿದ್ದು ಸಂತೋಷ. ಅವ್ವ ಏನೆಂದರು, ಬರೆದದ್ದು ಅರ್ಥವಾಗಲಿಲ್ಲ. ಹೆಂಚು ಬದಲಿಸಬೇಕೇ? ಮಳೆಗೆ ಸೋರುತ್ತಿದೆಯೇ?

ಬಂದೇ ಬರುತ್ತೇನೆ.

ಇಂಪನಾ


ಬಿಳಿಗೆರೆ
11 ನವೆಂಬರ್ 2024

ಇಂಪನಾ ಅಕ್ಕನವರಿಗೆ ನಮಸ್ಕಾರಗಳು.

ಹಬ್ಬದ ದಿನ ನೀವು ಶೆಡ್ಡಿನ ಬಾಗಿಲಲ್ಲಿ ಬಂದು ನಿಂತಾಗ ಮುದ್ದೆ ತೊಳಸುತ್ತಿದ್ದ ನನ್ನ ಕೈ ಹಾಗೇ ನಿಂತುಹೋಯಿತು. ಹಿಟ್ಟು ತಳ ಹಿಡಿಯಿತು ಎಂದು ಗಂಗಕ್ಕ ಕೂಗಿದ್ದು ನಿಮಗೂ ಕೇಳಿಸಿರಬೇಕು. ನೀವು ನೇರ ಗೋಡೆಯ ಹತ್ತಿರ ಹೋಗಿ ಸೌಟು ಇಳಿಸಿಕೊಂಡಿರಿ. ಎಲ್ಲರ ಹೆಸರು ಹಿಡಿದು ಮಾತಾಡಿಸಿದಿರಿ. ಸುಷ್ಮಿತಾಳ ಮಗುವನ್ನು ಎತ್ತಿಕೊಂಡೇ ಬಡಿಸಿದಿರಿ. ಅಜ್ಜಂದಿರು ಎರಡೆರಡು ಸಲ ಸಾರು ಹಾಕಿಸಿಕೊಂಡರು. ಶೆಡ್ಡಿಗೆ ಜೀವ ಬಂದ ಹಾಗಿತ್ತು.

ಕಂಬದ ಪಕ್ಕದ ತಟ್ಟೆಗೆ ನಾನು ಬಿಸಿ ಮುದ್ದೆ ಇಟ್ಟೆ. ಅಕ್ಕ ಕೂತುಕೊಳ್ಳಿ ಎಂದು ಕರೆದೆ. ಎಲ್ಲರದೂ ಆಗಲಿ, ಆಮೇಲೆ ಅಂದಿರಿ. ಎಲ್ಲರದೂ ಆಯಿತು. ಮೇಷ್ಟ್ರ ಜೊತೆ ಬೇವಿನ ಮರದ ಕೆಳಗೆ ನಿಂತು ಮಾತಾಡಿದಿರಿ, ನಕ್ಕಿರಿ. ಮೊಟ್ಟೆಯ ಮಾತು ಬಂತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ನಿಮ್ಮ ತಂದೆಯವರ ಕಾರು ಬಂದು ಹಾರನ್ ಮಾಡಿತು. ನನ್ನನ್ನು ತಬ್ಬಿಕೊಂಡು ಹೊರಟುಹೋದಿರಿ.

ಮುದ್ದೆ ಆರಿ ಗಟ್ಟಿಯಾಗಿತ್ತು. ಗಂಗಕ್ಕ ಅದನ್ನು ಎಮ್ಮೆಯ ಕಲಗಚ್ಚಿಗೆ ಹಾಕುತ್ತಾ, “ಆಯಮ್ಮ ಉಣ್ಣಾಕಿಲ್ಲ ಕಣೇ. ಬಡಿಸೋ ಕೈ ಯಾವತ್ತೂ ಮ್ಯಾಲಿರ್ತದೆ. ಕೆಳಗೆ ಕೂತ್ರೆ ನಮ್ಮಂಗೇ ಆಗೋಯ್ತಾಳಲ್ಲ” ಅಂದಳು. ನಾನು ಜಗಳ ಮಾಡಿದೆ. ನಮ್ಮಕ್ಕ ಹಾಗಲ್ಲ ಅಂದೆ. ಹಂಗಾರೆ ಹೆಂಗೆ ಹೇಳು ಅಂದಳು. ಎರಡು ವರ್ಷ ಒಂದೇ ಶೆಡ್ಡಿನಲ್ಲಿ ಇದ್ದೆವು. ನಮ್ಮ ಒಲೆಯದು ಒಂದು ತುತ್ತು ನಿಮ್ಮ ಬಾಯಿಗೆ ಹೋದದ್ದನ್ನು ನಾನು ನೋಡಿಲ್ಲ ಅಕ್ಕ. ಪ್ರತಿ ದಿನ ಇವತ್ತು ಕೂರುತ್ತಾರೆ ಅಂದುಕೊಂಡು ಸಾರಿಗೆ ಕೊಬ್ಬರಿ ಒಂದು ಹಿಡಿ ಹೆಚ್ಚು ಹಾಕುತ್ತಿದ್ದೆ.

ಇದನ್ನು ಬರೆಯಬೇಡ ಎಂದು ಅವ್ವ ಹೇಳಿದಳು. “ಹಸಿ ಕಾಯಿ ಒಡದ್ರೆ ನೀರು ಚೆಲ್ತದೆ, ಕೊಬ್ಬರಿ ಸಿಗಾಕಿಲ್ಲ. ಅಟ್ಟದ ಮ್ಯಾಲೇ ಇರ್ಲಿ ಬುಡು” ಅಂದಳು. ನಾನು ಕೇಳಲಿಲ್ಲ. ಅಟ್ಟದ ಮೇಲೆ ಇಟ್ಟು ಇಟ್ಟು ಸಾಕಾಗಿದೆ.

ಪವಿತ್ರಾ


ಭುವನೇಶ್ವರ
5 ಡಿಸೆಂಬರ್ 2024

ಪವಿತ್ರಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ.

ನಮ್ಮ ಮನೆಯಲ್ಲಿ ಅಜ್ಜಿ ಹೇಳಿಕೊಟ್ಟ ಮೊದಲ ಪಾಠ, ಉಣಿಸುವವರು ಕೊನೆಗೆ ಉಣ್ಣಬೇಕು ಎಂಬುದು. ದಾಸೋಹದ ದಿನ ಕೊನೆಯ ಪಂಕ್ತಿ ಎದ್ದು ನೆಲ ಒರೆಸಿದ ಮೇಲೆ ಅಜ್ಜಿ ಒಂದು ಮೂಲೆಯಲ್ಲಿ ಕೂತು ಉಣ್ಣುತ್ತಿದ್ದರು. ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ ಎಂದು ನಾನು ನಂಬಿದ್ದೆ. ಶೆಡ್ಡಿನಲ್ಲೂ ಅದನ್ನೇ ಮಾಡಿದೆ. ಎಲ್ಲರದೂ ಆಗಲಿ, ಆಮೇಲೆ ನನ್ನದು ಎಂದು. ಆದರೆ ನನ್ನ ಆಮೇಲೆ ಯಾವಾಗಲೂ ನಮ್ಮ ಮನೆಯ ಊಟದ ಮೇಜಿನ ಮೇಲೆ ಬರುತ್ತಿತ್ತು. ನಿಮ್ಮ ಕಣ್ಣ ಮುಂದೆ ಬರಲೇ ಇಲ್ಲ.

ಇನ್ನೊಂದು ಈಗ ಕಾಣುತ್ತಿದೆ. ಅಜ್ಜಿ ಉಂಡದ್ದು ಕೊನೆಯಲ್ಲ. ಅಜ್ಜಿಯದೂ ಆದ ಮೇಲೆ ಹಿಂದಿನ ಅಂಗಳದಲ್ಲಿ ಚಿಕ್ಕಗೌರಮ್ಮ ಉಣ್ಣುತ್ತಿದ್ದರು. ಅವರ ಲೋಟ ಗೋಡೌನಿನ ಕಿಟಕಿಯಲ್ಲಿ ಬೇರೆ ಇರುತ್ತಿತ್ತು, ಈಗಲೂ ಇದೆ. ನಾನು ಅಲ್ಲೇ ಆಡಿ ಬೆಳೆದವಳು.

ಸಂಕ್ರಾಂತಿಗೆ ಬರುತ್ತೇನೆ. ಇದನ್ನು ಸರಿ ಮಾಡುತ್ತೇನೆ.

ಇಂಪನಾ


ಭುವನೇಶ್ವರ
22 ಜನವರಿ 2025

ಪ್ರೀತಿಯ ಪವಿತ್ರಾ,

ರೈಲಿನಲ್ಲೇ ಬರೆಯಬೇಕೆಂದಿದ್ದೆ. ಅಷ್ಟು ಸಂತೋಷ.

ಅವ್ವ ನಿನಗೆ ಹೇಳಿರಬೇಕು, ಆದರೂ ನನ್ನ ಬಾಯಿಂದ ಕೇಳು. ಸಂಕ್ರಾಂತಿಯ ದಿನ ನಮ್ಮ ಮನೆಯಲ್ಲಿ ಕೆಲಸದವರಿಗೆಲ್ಲ ಊಟ ಇರುತ್ತದಲ್ಲ, ಗೋಡೌನಿನ ಹಿಂದೆ ಅಂಗಳದಲ್ಲಿ ಎಲೆ ಹಾಕಿದ್ದರು. ನಾನು ಒಳಗಿನಿಂದ ನನ್ನ ಎಲೆ ತಂದು ಚಿಕ್ಕಗೌರಮ್ಮನ ಪಕ್ಕದಲ್ಲಿ ಹಾಸಿಕೊಂಡು ಕೂತೆ. ಜಗಲಿಯ ಮೇಲಿದ್ದ ಅಪ್ಪ ನೋಡಿದರು, ಎದ್ದು ಒಳಗೆ ಹೋದರು. ಅಜ್ಜಿ ಎರಡು ಸಲ ಕರೆದರು. ನಾನು ಏಳಲಿಲ್ಲ. ನಿನ್ನ ಅವ್ವ ಮೆಲ್ಲಗೆ, “ಎದ್ದೋಗಿ ಕಣವ್ವ, ನೋಡ್ತಾವ್ರೆ” ಅಂದರು. ನೋಡಲಿ ಬಿಡಿ ಅಂದೆ. ಪಾಪ, ಎಷ್ಟು ಸಂಕೋಚ ಅವರಿಗೆ. ಪೊಂಗಲ್ ಅರ್ಧಕ್ಕೆ ಬಿಟ್ಟು, ಹೊಟ್ಟೆ ತುಂಬಿತು ಎಂದು ಎಲೆ ಮಡಚಿಕೊಂಡು ಎದ್ದುಬಿಟ್ಟರು. ನಾನು ಪೂರ್ತಿ ಉಂಡೆ. ಆ ಅಂಗಳದಲ್ಲಿ ಕೂತು ಉಂಡ ಮೊದಲ ಊಟ ಅದು. ಅಷ್ಟು ರುಚಿ ನಮ್ಮ ಮನೆಯ ಅಡುಗೆಗೆ ಇದೆ ಎಂದೇ ಗೊತ್ತಿರಲಿಲ್ಲ.

ರೈಲಿಗೆ ಹೊತ್ತಾಗಿ ಶೆಡ್ಡಿಗೆ ಬರಲು ಆಗಲಿಲ್ಲ. ಆದರೂ ನಿನಗೆ ಕೊಟ್ಟ ಮಾತು ನಡೆಸಿದೆ ಅಂದುಕೊಂಡಿದ್ದೇನೆ. ಗಂಗಕ್ಕನಿಗೂ ಹೇಳು.

ನಿನ್ನ,
ಇಂಪನಾ


ಬಿಳಿಗೆರೆ
17 ಫೆಬ್ರವರಿ 2025

ಅಕ್ಕನವರಿಗೆ,

ಅವ್ವ ನನಗೆ ಹೇಳಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅವ್ವ ನಿಮ್ಮ ಗೋಡೌನಿಗೆ ಕೆಲಸಕ್ಕೆ ಹೋಗುತ್ತಿಲ್ಲ. ಅಟ್ಟದ ಕಾಯಿ ಮುಗಿಯಿತು ಅಂದಿದ್ದಳು. ನಿಮ್ಮ ತಂದೆ ಹಾಲಸ್ವಾಮಿಯವರ ಅಟ್ಟದ ಕಾಯಿ ಈ ತಿಂಗಳಲ್ಲಿ ಮುಗಿಯುವುದಲ್ಲ ಎಂದು ನನಗೂ ಗೊತ್ತು. ಗೊತ್ತಿದ್ದೂ ಕೇಳಿರಲಿಲ್ಲ. ನಿಮ್ಮ ಕಾಗದ ಓದಿದ ಮೇಲೆ ಕೇಳಿದೆ. ಹಬ್ಬದ ಮಾರನೇ ದಿನ ಬೆಳಿಗ್ಗೆ ಗೋಡೌನಿನ ಮೇಸ್ತ್ರಿ ನಮ್ಮ ಮನೆ ಬಾಗಿಲಿಗೆ ಬಂದು, ಸಾವ್ಕಾರ್ರು ಬೇಡ ಅಂದವರೆ, ಬರಬೇಡ ಅಂದರಂತೆ. ಕಿಟಕಿಯಲ್ಲಿದ್ದ ಲೋಟವನ್ನೂ ಕೈಗೆ ಕೊಟ್ಟು ಹೋದರಂತೆ. ನಾನು ಹುಟ್ಟುವ ಮೊದಲಿನಿಂದ ಅವ್ವ ಅಲ್ಲಿ ಕರಟ ಒಡೆದಿದ್ದಾಳೆ.

ನನಗೆ ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ. ಅವ್ವ ಅಂದದ್ದು ಇಷ್ಟು: “ಹೇಳಿದ್ರೆ ನೀನು ಬರೀತೀಯ. ಬರದ್ರೆ ನಿಮ್ಮಿಬ್ರ ಕಾಗ್ದ ನಿಂತೋಯ್ತದೆ. ಅದಕ್ಕೇ ಹೇಳ್ನಿಲ್ಲ.”

ಅವ್ವ ಎದ್ದದ್ದು ಸಂಕೋಚದಿಂದ ಅಲ್ಲ ಅಕ್ಕ, ಭಯದಿಂದ. ನೀವು ಅಲ್ಲಿಂದ ಎದ್ದರೆ ಒಳಮನೆಗೆ ಹೋಗುತ್ತೀರಿ. ಅವ್ವ ಎದ್ದರೆ ಬೀದಿಗೆ ಬರುತ್ತಾಳೆ. ಕೂರುವ ಮೊದಲು ಕೂರಲೇ ಎಂದು ಅವಳನ್ನು ಒಂದು ಮಾತು ಕೇಳಬಹುದಿತ್ತು. ಗಂಗಕ್ಕನಿಗೆ ಹೇಳು ಎಂದು ಬರೆದಿದ್ದಿರಿ, ಹೇಳಿದೆ. “ಕೂರ್ಬೇಕಾದ ಕಡೆ ಕೂರ್ನಿಲ್ಲ, ಕೂರಬಾರದ ಕಡೆ ಹೋಗಿ ಕೂತ್ಲು” ಅಂದಳು. ಈ ಸಲ ನಾನು ಜಗಳ ಮಾಡಲಿಲ್ಲ.

ದಯವಿಟ್ಟು ನಿಮ್ಮ ತಂದೆಯವರಿಗೆ ಏನೂ ಹೇಳಬೇಡಿ. ಕಾಲೋನಿಯ ಇನ್ನೂ ಮೂವರು ಅಲ್ಲಿ ಕೆಲಸಕ್ಕಿದ್ದಾರೆ. ಅವ್ವನಿಗೆ ಏನೂ ಕಳಿಸಬೇಡಿ, ತೆಗೆದುಕೊಳ್ಳುವುದಿಲ್ಲ. ಈಗ ನೊಣವಿನಕೆರೆಯ ಕಡೆ ಒಂದು ತೋಟಕ್ಕೆ ಕಾಯಿ ಸುಲಿಯಲು ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಹೊಸ ಜಾಗದಲ್ಲಿ ಕೈ ಬೇಗ ಓಡುವುದಿಲ್ಲ ಅನ್ನುತ್ತಾಳೆ. ಶನಿವಾರ ರಜ, ಅವತ್ತು ಶೆಡ್ಡಿಗೆ ಬರುತ್ತಾಳೆ.

ಶನಿವಾರ ನಾವು ಮೊಟ್ಟೆ ಸಾರು ಶುರು ಮಾಡಿದೆವು. ಯಾರನ್ನೂ ಕೇಳಲಿಲ್ಲ. ಮೊಟ್ಟೆ ನಮ್ಮ ನಮ್ಮ ಮನೆಯ ಕೋಳಿಗಳದ್ದೇ. ಮೇಷ್ಟ್ರು ಬಂದು, ಇಂಪನಾ ಬಂದರೆ ಈ ಒಲೆಯ ಹತ್ತಿರ ಹೇಗೆ ಉಣ್ಣುತ್ತಾಳೆ ಯೋಚನೆ ಮಾಡಿದ್ದೀರಾ ಅಂದರು. ಗಂಗಕ್ಕ ಸಾರು ಕದಡುತ್ತಿದ್ದವಳು ತಿರುಗಿಯೂ ನೋಡದೆ, “ಮೊಟ್ಟೆ ತಿನ್ನು ಅಂತ ಆಯಮ್ಮಂಗೆ ಯಾರಂದ್ರು ಮೇಷ್ಟ್ರೇ? ಕೂತ್ಕೊ ಅಂದ್ವಿ” ಅಂದಳು. ಮೇಷ್ಟ್ರು ಈಗ ಶನಿವಾರ ಬರುವುದಿಲ್ಲ. ಉಳಿದ ದಿನ ಬರುತ್ತಾರೆ.

ಕಂಬದ ಪಕ್ಕದ ತಟ್ಟೆಯನ್ನು ತೊಳೆದು ಮೇಲೆ ಇಟ್ಟಿದ್ದೇನೆ. ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬರಬೇಡಿ ಎಂದು ಬರೆದರೆ ಅದೂ ಸುಳ್ಳು.

ಪವಿತ್ರಾ


ಬಿಳಿಗೆರೆ
9 ಮೇ 2025

ಅಕ್ಕನವರಿಗೆ ನಮಸ್ಕಾರಗಳು.

ಕಾಗದ ಬರಲಿಲ್ಲ. ಯುಗಾದಿಗೆ ನೀವು ಊರಿಗೆ ಬರಲಿಲ್ಲ ಎಂದು ನಿಮ್ಮ ಮನೆಯ ಕೆಲಸದವರಿಂದ ತಿಳಿಯಿತು. ಪೋಸ್ಟ್‌ಮ್ಯಾನ್ ಸೈಕಲ್ಲು ಕಾಲೋನಿಯ ಕಡೆ ತಿರುಗಿದರೆ ಅವ್ವ ನನಗಿಂತ ಮೊದಲು ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಕಾಯುತ್ತಿರುವುದು ನನಗೆ ಗೊತ್ತಾಗಬಾರದೆಂದು ಸೆರಗಿನಿಂದ ಬಾಗಿಲು ಒರೆಸುತ್ತಾಳೆ.

ನಾನು ಬರೆದದ್ದೆಲ್ಲ ನಿಜ. ಅದರಲ್ಲಿ ಯಾವುದನ್ನೂ ವಾಪಸು ತೆಗೆದುಕೊಳ್ಳಲು ಈ ಕಾಗದ ಅಲ್ಲ. ಆದರೆ ಬೈದು ಸುಮ್ಮನಾದವಳು ಎಂದು ನೀವು ತಿಳಿಯಬಾರದು. ಮುದ್ದೆ ತೊಳಸುವಾಗ ಈಗಲೂ ಬಾಗಿಲ ಕಡೆ ನೋಡುತ್ತೇನೆ. ಗಂಗಕ್ಕ ಈಗ ತಮಾಷೆ ಮಾಡುವುದನ್ನೂ ಬಿಟ್ಟಿದ್ದಾಳೆ.

ಮಳೆ ಬಂತು. ಹೆಂಚಿನ ಅಂಚಿನಿಂದ ನೀರು ಇಳಿಯುವುದನ್ನು ನೋಡುತ್ತಾ ಬರೆಯುತ್ತಿದ್ದೇನೆ. ಇದು ನೀವು ಕೊಟ್ಟ ಕವರುಗಳಲ್ಲಿ ಕೊನೆಯದು.

ಪವಿತ್ರಾ


ಭುವನೇಶ್ವರ
23 ಜೂನ್ 2025

ಪ್ರೀತಿಯ ಪವಿತ್ರಾ,

ನಿನ್ನ ಎರಡೂ ಕಾಗದ ತಲುಪಿವೆ. ಉತ್ತರ ಬರೆಯಲು ಎಷ್ಟೋ ಸಲ ಕೂತೆ. ಕೂತಾಗಲೆಲ್ಲ ಏನಾದರೂ ಮಾಡಿಬಿಡುವ ಮಾತೇ ಬರುತ್ತಿತ್ತು. ಅಪ್ಪನಿಗೆ ಹೇಳುತ್ತೇನೆ, ಚಿಕ್ಕಗೌರಮ್ಮನಿಗೆ ಬೇರೆ ಕೆಲಸ ನೋಡುತ್ತೇನೆ ಎಂದು. ಬರೆದು ಹರಿದು ಹಾಕಿದೆ. ನೀನು ಬೇಡ ಅಂದಿದ್ದೆ. ಬೇಡ ಅಂದದ್ದನ್ನು ಮಾಡದೆ ಸುಮ್ಮನಿರುವುದು ನನಗೆ ಯಾರೂ ಕಲಿಸಿರಲಿಲ್ಲ. ಅಪ್ಪ ಫೋನ್ ಮಾಡಿದಾಗ ಅವರ ಮಾತಿಗೆ ನಾನೂ ಈಗ ಹ್ಞೂಂ ಅನ್ನುತ್ತೇನೆ ಅಷ್ಟೇ. ಫೋನು ಕಿವಿಗಿಟ್ಟರೆ ಮಾತು ನಿಲ್ಲುವುದು ಹೇಗೆಂದು ತಿಳಿಯಿತು.

ಪುಸ್ತಿಕೆಯ ಹೊಸ ಅಚ್ಚಿನಲ್ಲಿ ಆ ಗುಡಿಸಲಿನ ಸಾಲು ಇಲ್ಲ. ಅದರ ಬದಲು ಏನು ಬರೆಯೋಣ ಎಂದು ಆಫೀಸಿನವರು ಕೇಳಿದರು. ಅವಳನ್ನೇ ಕೇಳಬೇಕು, ಅವಳು ಬೇಡ ಅಂದರೆ ಫೋಟೋವನ್ನೂ ತೆಗೆಯಬೇಕು ಅಂದೆ. ಹೆಂಚಿನ ಮಾತು ನನಗೆ ಅರ್ಥವಾಗಲು ಇಷ್ಟು ದಿನ ಬೇಕಾಯಿತು.

ಇಲ್ಲಿಯ ಮೆಸ್ಸಿನಲ್ಲಿ ಬಡಿಸುವ ಒಬ್ಬ ಹೆಂಗಸಿದ್ದಾರೆ. ಅವರ ಭಾಷೆ ನನಗೆ ಬಾರದು. ತಟ್ಟೆ ಮುಂದಿಟ್ಟುಕೊಂಡು ಅವರ ಕೈಯನ್ನೇ ನೋಡುತ್ತಿರುತ್ತೇನೆ. ಇನ್ನೊಂದು ಚೂರು ಬೇಕು ಅನ್ನಲು ನಾಚಿಕೆ, ಬೇಡ ಅನ್ನಲೂ ನಾಚಿಕೆ. ನಾನು ಬಡಿಸುವಾಗ ನಿಮಗೆಲ್ಲ ಹೀಗೇ ಆಗುತ್ತಿತ್ತೇ ಎಂದು ಯೋಚಿಸುತ್ತೇನೆ. ಒಂದು ದಿನ ಅವರು ಕೇಳದೆಯೇ ಇನ್ನೊಂದು ಸೌಟು ಹಾಕಿ ನಕ್ಕರು. ರೂಮಿಗೆ ಬಂದು ಅತ್ತೆ. ನಿನ್ನ ತಟ್ಟೆ ನೆನಪಾಗಿ.

ಜುಲೈ 12, ಶನಿವಾರ ಬರಬಹುದೇ? ತಿಪಟೂರಿನಲ್ಲಿ ಇಳಿದು ಬಸ್ಸು ಹತ್ತಿ ನೇರ ಶೆಡ್ಡಿಗೆ ಬರುತ್ತೇನೆ, ಮನೆಗೆ ಆಮೇಲೆ. ನಾನು ಬಂದು ಕೂರುವುದರಿಂದ ಅಲ್ಲಿ ಯಾರಿಗಾದರೂ ತೊಂದರೆಯಾಗುವುದಾದರೆ ಬರುವುದಿಲ್ಲ. ಎಲ್ಲರನ್ನೂ ಕೇಳು. ಅವ್ವನನ್ನು ಮೊದಲು ಕೇಳು.

ಸೌಟಿಗಾಗಿ ಕೇಳುತ್ತಿಲ್ಲ. ಆದರೂ ತಿಳಿಯುವ ಆಸೆ. ಅವತ್ತು ಬಡಿಸುವವರು ಯಾರು?

ಇಂಪನಾ


ಬಿಳಿಗೆರೆ
2 ಜುಲೈ 2025

ಅಕ್ಕನಿಗೆ ನಮಸ್ಕಾರ.

ಇದು ನಾನೇ ಪೋಸ್ಟಾಫೀಸಿನಲ್ಲಿ ಕೊಂಡ ಕಾರ್ಡು. ವಿಳಾಸವೂ ನನ್ನ ಅಕ್ಷರದಲ್ಲೇ ಇದೆ. ತಲುಪಿದರೆ ಸರಿ.

ಅವ್ವನನ್ನು ಕೇಳಿದೆ. ನಿಮ್ಮ ಕಾಗದವನ್ನು ಎರಡು ಸಲ ಓದಿಸಿಕೊಂಡಳು. ಸಂಜೆ ದೀಪ ಹಚ್ಚುವಾಗ “ಬರ್ಲಿ” ಅಂದಳು. ನಿಮ್ಮ ಗೋಡೌನಿನ ಮೂವರು ಅವತ್ತು ಪಂಕ್ತಿಗೆ ಬರುವುದು ಬೇಡ ಎಂದು ಅವರೇ ಅಂದರು. ಅವರಿಗೆ ಮನೆಗೆ ಕಳಿಸುತ್ತೇವೆ. ಉಳಿದವರಿಗೆ ಏನೂ ತೊಂದರೆ ಇಲ್ಲ. ನಿಮಗಾಗಿ ಬೇರೆ ಏನೂ ಮಾಡುವುದಿಲ್ಲ. ಮೊಟ್ಟೆ ಸಾರು ಇರುತ್ತದೆ, ಸೊಪ್ಪಿನ ಸಾರೂ ಇರುತ್ತದೆ.

ಬಡಿಸುವವರು ಯಾರು ಎಂದು ಕೇಳಿದ್ದೀರಿ. ಆ ಶನಿವಾರದ ಸರದಿ ಅವ್ವನದು. ಗೋಡೆಯ ಮೊಳೆಯಿಂದ ಹಿತ್ತಾಳೆ ಸೌಟು ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿ ಇಟ್ಟಿದ್ದಾಳೆ. ನಾನು ಅವತ್ತು ಒಲೆಯ ಹತ್ತಿರ ಇರುವುದಿಲ್ಲ. ಕಂಬದ ಪಕ್ಕದಲ್ಲಿ ಎರಡು ತಟ್ಟೆ ಇಡುತ್ತೇನೆ.

ಹಸಿದು ಬನ್ನಿ.

ಪವಿತ್ರಾ